ಇ-ರೀಡರೋ, ಅಚ್ಚಿನ ಪುಸ್ತಕವೋ? ಮಲೆನಾಡಿನ ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ಹೊಸನಗರ, ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಉತ್ತರಗಳಿವು. ಬಯಲುಸೀಮೆಯವರಿಗೆ ಕೊಡುವ ಸಲಹೆ ಇಲ್ಲಿಗೆ ಪೂರ್ತಿ ಒಗ್ಗುವುದಿಲ್ಲ. ಇಲ್ಲಿ ಕಾಗದದ ಶತ್ರು ಥಂಡಿ. ಇ-ರೀಡರಿನ ತೊಡಕು ಮಳೆಯಲ್ಲ, ನಮ್ಮ ಒತ್ತಕ್ಷರ. ಮುಂದಿನ ಉತ್ತರಗಳಲ್ಲಿ ಹೆಚ್ಚಿನವು ಈ ಎರಡರ ಸುತ್ತಲೇ ಸುತ್ತುತ್ತವೆ.

ಸುತ್ತಿ ಬಳಸಿ ಬೇಡ, ಯಾವುದು ತಗೊಳ್ಳಲಿ ಹೇಳಿಬಿಡಿ.

ಓದುವುದರಲ್ಲಿ ಮುಕ್ಕಾಲು ಪಾಲು ಇಂಗ್ಲಿಷ್ ಆಗಿದ್ದರೆ ಇ-ರೀಡರ್ ತಗೊಳ್ಳಿ. ಮುಕ್ಕಾಲು ಪಾಲು ಹೊಸ ಕನ್ನಡ ಪುಸ್ತಕಗಳಾದರೆ ದುಡ್ಡನ್ನು ಪುಸ್ತಕಕ್ಕೇ ಹಾಕಿ, ಜೊತೆಗೆ ಬಾಗಿಲು ಬಿಗಿಯಾಗಿ ಕೂರುವ ಒಂದು ಬೀರು ಮಾಡಿಸಿಕೊಳ್ಳಿ. ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳನ್ನು ಓದುವವರಾದರೆ 6 ಇಂಚಿನ ಇ-ರೀಡರ್ ಬೇಡವೇ ಬೇಡ, ದೊಡ್ಡ ಪರದೆಯ ಆಂಡ್ರಾಯ್ಡ್ ಇ-ರೀಡರ್ ನೋಡಿ. ಮೂರೂ ಸ್ವಲ್ಪ ಸ್ವಲ್ಪ ಓದುತ್ತೀರೆಂದರೆ ಪೂರ್ತಿ ಓದಿ.

ಇ-ರೀಡರ್ ಅಂದರೆ ಟ್ಯಾಬ್ ತಾನೇ? ಮೊಬೈಲಿನಲ್ಲೇ ಓದಿದರೆ ಆಗದೇ?

ಅಲ್ಲ. ಟ್ಯಾಬ್, ಮೊಬೈಲುಗಳ ಪರದೆ ತಾನೇ ಬೆಳಕು ಉಗುಳುತ್ತದೆ. ಇ-ರೀಡರಿನ ಇ-ಇಂಕ್ ಪರದೆಯಲ್ಲಿ ಕೂದಲೆಳೆಯಷ್ಟು ಸಣ್ಣ ಗುಳ್ಳೆಗಳಿದ್ದು, ಅವುಗಳೊಳಗೆ ಕಪ್ಪು ಮತ್ತು ಬಿಳಿ ಬಣ್ಣದ ಕಣಗಳು ತೇಲುತ್ತಿರುತ್ತವೆ. ವಿದ್ಯುತ್ತಿನ ಒಂದು ತಟ್ಟಿಗೆ ಕಪ್ಪು ಮೇಲೆ ಬರುತ್ತದೆ, ಇನ್ನೊಂದು ತಟ್ಟಿಗೆ ಬಿಳಿ. ಆಮೇಲೆ ಅವು ಅಲ್ಲೇ ನಿಲ್ಲುತ್ತವೆ. ಅಂದರೆ ವಿದ್ಯುತ್ ಮುಖ್ಯವಾಗಿ ಬೇಕಾಗುವುದು ಪುಟ ತಿರುವಿದ ಕ್ಷಣಕ್ಕೆ. ಚಾರ್ಜ್ ಮುಗಿದು ಹೋದರೂ ಕೊನೆಯ ಚಿತ್ರ ಪರದೆಯ ಮೇಲೆ ಉಳಿದಿರುವುದು ಇದೇ ಕಾರಣಕ್ಕೆ.

ಓದುವ ಬೆಳಕು ಹೊರಗಿನಿಂದ ಬರಬೇಕು, ಕಾಗದದ ಹಾಗೆಯೇ. ಈಗಿನ ಮಾದರಿಗಳಲ್ಲಿ ಅಂಚಿನಿಂದ ಪರದೆಯ ಮೇಲೆ ಬೆಳಕು ಹಾಯಿಸುವ ಸಣ್ಣ ದೀಪಗಳಿರುತ್ತವೆ. ಅಂಗಳದ ಬಿಸಿಲಲ್ಲಿ ಅಡಿಕೆ ಕಾಯುತ್ತ ಕೂತವರಿಗೆ ಮೊಬೈಲ್ ಪರದೆ ಕನ್ನಡಿಯಂತೆ ಹೊಳೆಯುತ್ತದೆ, ಇ-ಇಂಕ್ ಇನ್ನೂ ಚೆನ್ನಾಗಿ ಕಾಣುತ್ತದೆ. ಆದರೆ ಇದರಲ್ಲಿ ವಿಡಿಯೊ ನೋಡುವಂತಿಲ್ಲ, ಬಣ್ಣದ ಚಿತ್ರ ಮಂಕು, ಪುಟ ಹಿಂದೆ ಮುಂದೆ ಮಗುಚುವುದು ನಿಧಾನ.

ಕನ್ನಡ ಅಕ್ಷರ ಸರಿಯಾಗಿ ಮೂಡುತ್ತದೆಯೇ?

ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಇದು. ಕೊಂಡ ಮೇಲೆ ಕೇಳುವವರೇ ಜಾಸ್ತಿ.

ಕಂಪ್ಯೂಟರು ಎಲ್ಲ ಭಾಷೆಯ ಅಕ್ಷರಗಳನ್ನು ಗುರುತಿಸುವ ಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿ ‘ಅರ್ಘ್ಯ’ ಎಂಬ ಪದ ಅ, ರ, ವಿರಾಮ (ಅರ್ಧಾಕ್ಷರದ ಗುರುತು), ಘ, ವಿರಾಮ, ಯ ಎಂಬ ಸಾಲಿನಲ್ಲಿ ಕೂತಿರುತ್ತದೆ. ಅದನ್ನು ನಾವು ಓದುವ ರೂಪಕ್ಕೆ ತರುವಾಗ ಅರ್ಕಾವತ್ತನ್ನು ಘ ಆದಮೇಲೆ ಎಳೆದು ಕೂರಿಸಬೇಕು, ಯ ಒತ್ತನ್ನು ಕೆಳಗೆ ಇಳಿಸಬೇಕು. ಈ ಜೋಡಣೆ ಮಾಡುವುದು ಸಾಧನದೊಳಗಿನ ತಂತ್ರಾಂಶ. ಅದಕ್ಕೆ ಕನ್ನಡ ಗೊತ್ತಿಲ್ಲದಿದ್ದರೆ ಎಷ್ಟು ಚೆಂದದ ಫಾಂಟ್ ಹಾಕಿದರೂ ಅಕ್ಷರ ಒಡೆಯುತ್ತದೆ. ‘ಫಾಂಟ್ ಹಾಕಿದರೆ ಸರಿಹೋಗುತ್ತದೆ’ ಎನ್ನುವ ಅಂಗಡಿಯವರ ಮಾತು ಅರ್ಧ ಸತ್ಯ.

ಪರೀಕ್ಷೆ ಸುಲಭ. ಈ ಪದಗಳಿರುವ ಒಂದು ಸಣ್ಣ ಕಡತ ಮಾಡಿ, ಸಾಧನಕ್ಕೆ ಹಾಕಿ ನೋಡಿ: ರಾಷ್ಟ್ರ, ಸ್ತ್ರೀ, ಲಕ್ಷ್ಮಿ, ಉತ್ಪ್ರೇಕ್ಷೆ, ಅರ್ಘ್ಯ, ವೈಶಿಷ್ಟ್ಯ, ಕೃತ್ತಿಕೆ, ಹೋಗೋಣ. ನೋಡಬೇಕಾದದ್ದು ಇಷ್ಟು: ‘ರಾಷ್ಟ್ರ’ದಲ್ಲಿ ಎರಡೂ ಒತ್ತು ಷ ಕೆಳಗೆ ಕೂತಿವೆಯೇ, ಬಿಡಿಯಾಗಿ ಪಕ್ಕಕ್ಕೆ ಸರಿದಿವೆಯೇ? ‘ಅರ್ಘ್ಯ’ದಲ್ಲಿ ಅರ್ಕಾವತ್ತು ಘ ಆದಮೇಲೆ ಬಂದಿದೆಯೇ, ಅಥವಾ ಮುಂದೆಯೇ ರ್ ಎಂದು ನಿಂತಿದೆಯೇ? ‘ಹೋಗೋಣ’ದಲ್ಲಿ ದೀರ್ಘದ ಗುರುತು ಅಕ್ಷರಕ್ಕೆ ಅಂಟಿದೆಯೇ? ಎಲ್ಲಾದರೂ ಚುಕ್ಕಿಗಳ ಸಣ್ಣ ವೃತ್ತ ಕಂಡರೆ ಆ ಸಾಧನದ ಕನ್ನಡ ನಂಬುವಂಥದ್ದಲ್ಲ.

ಸಾಮಾನ್ಯವಾಗಿ ಆಂಡ್ರಾಯ್ಡ್ ಮೇಲೆ ನಡೆಯುವ ಇ-ರೀಡರುಗಳಲ್ಲಿ (ಓನಿಕ್ಸ್ ಬೂಕ್ಸ್ ಥರದವು) ಕನ್ನಡ ಮೊಬೈಲಿನಲ್ಲಿ ಕಂಡಂತೆಯೇ ಕಾಣುತ್ತದೆ. ಕೋರೀಡರ್ ಎಂಬ ಉಚಿತ ತಂತ್ರಾಂಶವೂ ಒತ್ತುಗಳನ್ನು ಸರಿಯಾಗಿ ಜೋಡಿಸುತ್ತದೆ. ಅದನ್ನು ಕೋಬೊ, ಪಾಕೆಟ್‌ಬುಕ್ ಕಂಪನಿಗಳ ಇ-ರೀಡರುಗಳಿಗೆ, ಆಂಡ್ರಾಯ್ಡ್ ಸಾಧನಗಳಿಗೆ ಹಾಕಿಕೊಳ್ಳುವುದು ಸುಲಭ. ಅಮೆಜಾನಿನ ಇ-ರೀಡರ್ ಆದ ಕಿಂಡಲ್‌ಗೆ ಹಾಕಬೇಕಾದರೆ ಅದರ ಬೀಗ ಮುರಿಯಬೇಕು, ಕೈ ಪಳಗದವರು ಅದಕ್ಕೆ ಹೋಗದಿರುವುದು ಲೇಸು. ಕಿಂಡಲ್‌ನ ಸ್ವಂತ ತಂತ್ರಾಂಶದಲ್ಲಿ ಕನ್ನಡ ಹೇಗೆ ಕಾಣುತ್ತದೆ ಎನ್ನುವುದು ಮಾದರಿಯಿಂದ ಮಾದರಿಗೆ ಬೇರೆ. 2016ರ ಡಿಸೆಂಬರಿನಲ್ಲಿ ಕಿಂಡಲ್ ಅಂಗಡಿ ಭಾರತೀಯ ಭಾಷೆಗಳಿಗೆ ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಕನ್ನಡದ ಇ-ಪುಸ್ತಕಗಳು ಬೇರೆ ದಾರಿ ಹಿಡಿದದ್ದಕ್ಕೆ ಇದೂ ಒಂದು ಕಾರಣ.

ಅಕ್ಷರ ಸರಿಯಾಗಿದೆ, ಆದರೂ ಓದಲು ಕಿರಿಕಿರಿ. ಏನು ಮಾಡಬೇಕು?

ಸಾಲಿನ ಅಂತರ ನೋಡಿ. ಇಂಗ್ಲಿಷಿಗೆ ಹೊಂದಿಸಿದ ಅಂತರದಲ್ಲಿ ಕನ್ನಡ ಇಕ್ಕಟ್ಟಾಗುತ್ತದೆ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಅಕ್ಷರದ ಎತ್ತರದ ಒಂದೂವರೆಯಷ್ಟು ಅಂತರ ಕೊಟ್ಟರೆ ಕಣ್ಣಿಗೆ ಹಿತ. ಎರಡನೆಯದು ಅಂಚು. ನಮ್ಮ ಪದಗಳು ಉದ್ದ: ‘ಹೋಗಬೇಕಾಗಿತ್ತೆನ್ನುವುದನ್ನು’ ಒಂದೇ ಪದ. ಎರಡೂ ಅಂಚು ನೇರ ಇರಲಿ ಎಂದು ಹೊಂದಿಸಿದರೆ ಒಂದು ಸಾಲಿಗೆ ಮೂರೇ ಪದ ಹಿಡಿಸಿ, ನಡುವೆ ಹಲ್ಲು ಬಿದ್ದ ಬಾಯಿಯಂತೆ ಖಾಲಿ ಜಾಗ ಬೀಳುತ್ತದೆ. ಎಡ ಅಂಚು ಮಾತ್ರ ನೇರ ಇರುವ ಆಯ್ಕೆ ಇಟ್ಟುಕೊಳ್ಳಿ.

ಫಾಂಟಿಗೆ ನೋಟೊ ಸೆರಿಫ್ ಕನ್ನಡ ಅಥವಾ ತಿರೊ ಕನ್ನಡ ಉಚಿತವಾಗಿ ಸಿಗುತ್ತವೆ. ಕಿಂಡಲ್, ಕೋಬೊ ಎರಡರಲ್ಲೂ ಕೇಬಲ್ ಹಾಕಿ ಕಂಪ್ಯೂಟರಿಗೆ ಜೋಡಿಸಿ, ‘ಫಾಂಟ್ಸ್’ ಎಂಬ ಫೋಲ್ಡರಿಗೆ ಕಡತ ಹಾಕಿದರೆ ಸಾಕು.

ಕನ್ನಡದ ಇ-ಪುಸ್ತಕ ಎಲ್ಲಿ ಸಿಗುತ್ತದೆ?

ಹೊಸ ಪುಸ್ತಕಗಳಿಗೆ ಮೈಲ್ಯಾಂಗ್ ಆ್ಯಪ್ ಇದೆ. ಕೊಂಡ ಪುಸ್ತಕವನ್ನು ಅದರ ಆ್ಯಪಿನೊಳಗೇ ಓದಬೇಕು. ಆದ್ದರಿಂದ ಕಿಂಡಲ್‌ನಲ್ಲಿ ಆಗದು. ಪ್ಲೇ ಸ್ಟೋರ್ ಇರುವ ಆಂಡ್ರಾಯ್ಡ್ ಇ-ರೀಡರ್ ಇದ್ದರೆ ದಾರಿಯಿದೆ. ಕೊಳ್ಳುವ ಮುಂಚೆ ಅದರ ಉಚಿತ ಪುಸ್ತಕವೊಂದನ್ನು ಹಾಕಿ ಪುಟ ತಿರುಗುವ ವೇಗ ನೋಡಿಕೊಳ್ಳಿ. ಮೊಬೈಲಿಗೆಂದು ಮಾಡಿದ ಆ್ಯಪುಗಳು ಇ-ಇಂಕ್ ಪರದೆಯಲ್ಲಿ ನೆರಳು ಬಿಡುತ್ತ ಜಾರುತ್ತವೆ.

ಉಚಿತವಾಗಿ ಓದಲು ಕನ್ನಡ ವಿಕಿಸೋರ್ಸ್, ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆಯ ಭಾರತವಾಣಿ, ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿಗಳಿಗೆ ಇಂಟರ್ನೆಟ್ ಆರ್ಕೈವ್ ಇವೆ. ವಿಕಿಸೋರ್ಸ್ ಇ-ರೀಡರಿಗೆ ಹೇಳಿಮಾಡಿಸಿದ್ದು: ಪುಸ್ತಕದ ಪುಟದಲ್ಲಿ ಡೌನ್‌ಲೋಡ್ ಒತ್ತಿ ಇಪಬ್ ಎಂಬ ಇ-ಪುಸ್ತಕ ರೂಪ ಆರಿಸಿಕೊಂಡರೆ ಯೂನಿಕೋಡ್ ಪಠ್ಯವೇ ಬರುತ್ತದೆ, ಅಕ್ಷರ ಹಿಗ್ಗಿಸಬಹುದು.

ಯಾವ ಪುಸ್ತಕ ಹಕ್ಕುಮುಕ್ತ ಎಂಬ ಲೆಕ್ಕ: ಲೇಖಕರು ತೀರಿಕೊಂಡ ಮರುವರ್ಷದ ಜನವರಿಯಿಂದ 60 ವರ್ಷ ಹಕ್ಕು ಇರುತ್ತದೆ. ಬಿ.ಎಂ.ಶ್ರೀ 1946ರಲ್ಲಿ ತೀರಿಕೊಂಡರು, ಅವರ ಜೀವಿತಕಾಲದಲ್ಲಿ ಪ್ರಕಟವಾದವು ಮುಕ್ತ. ಗೋವಿಂದ ಪೈ 1963ರಲ್ಲಿ ತೀರಿಕೊಂಡರು, ಹಾಗಾಗಿ 2024ರ ಜನವರಿಯಿಂದ ಮುಕ್ತ. ಕುವೆಂಪು ತೀರಿಕೊಂಡದ್ದು 1994ರಲ್ಲಿ. ಕಾನೂನು ಹೀಗೇ ಇದ್ದರೆ 2055ರವರೆಗೆ ಕಾಯಬೇಕು.

ಹಳೆಯ ಪುಸ್ತಕದ ಪಿಡಿಎಫ್ 6 ಇಂಚಿನಲ್ಲಿ ಓದಲು ಆಗುವುದೇ ಇಲ್ಲ, ಯಾಕೆ?

ಲೆಕ್ಕ ಹಾಕೋಣ. ನಮ್ಮ ಹೆಚ್ಚಿನ ಪುಸ್ತಕಗಳು ಡೆಮಿ 1/8 ಆಕಾರದವು: ಸುಮಾರು 14 ಸೆಂ.ಮೀ. ಅಗಲ, 21.5 ಸೆಂ.ಮೀ. ಎತ್ತರ. 6 ಇಂಚಿನ ಪರದೆ 9 ಸೆಂ.ಮೀ. ಅಗಲ, 12 ಸೆಂ.ಮೀ. ಎತ್ತರ. ಪುಟ ಅದರೊಳಗೆ ಕೂರಬೇಕಾದರೆ ಶೇಕಡಾ 60ಕ್ಕೂ ಕೆಳಗೆ ಕುಗ್ಗುತ್ತದೆ. 12 ಪಾಯಿಂಟಿನ ಅಕ್ಷರ 7 ಪಾಯಿಂಟ್ ಆಯಿತು. ಮೂಲ ಅಕ್ಷರವನ್ನು ಹೇಗೋ ಗುರುತಿಸಬಹುದು, ಕೆಳಗಿನ ಒತ್ತು ಇರುವೆಯಂತೆ ಕಾಣುತ್ತದೆ.

ಉಪಾಯಗಳಿವೆ. ಮೊದಲು ನಾಲ್ಕೂ ಕಡೆಯ ಬಿಳಿ ಅಂಚು ಕತ್ತರಿಸಿ. ಅಚ್ಚಾದ ಭಾಗ ಸುಮಾರು 10.5 ಸೆಂ.ಮೀ. ಅಗಲ ಮಾತ್ರ ಇರುತ್ತದೆ. ಆಮೇಲೆ ಸಾಧನವನ್ನು ಅಡ್ಡ ಹಿಡಿಯುವ ಆಯ್ಕೆ ಒತ್ತಿ. ಈಗ 12 ಸೆಂ.ಮೀ. ಅಗಲ ಸಿಕ್ಕಿತು, ಅಕ್ಷರ ಮೂಲಕ್ಕಿಂತ ತುಸು ದೊಡ್ಡದೇ ಆಗುತ್ತದೆ. ಒಂದು ಪುಟಕ್ಕೆ ಎರಡು ಮೂರು ಸಲ ತಟ್ಟಬೇಕು ಅಷ್ಟೆ. ಕೋರೀಡರಿನಲ್ಲಿ ಸ್ಕ್ಯಾನ್ ಚಿತ್ರವನ್ನೇ ಪದಪದವಾಗಿ ಕತ್ತರಿಸಿ ಹೊಸದಾಗಿ ಸಾಲು ಜೋಡಿಸುವ ಸೌಲಭ್ಯವೂ ಇದೆ. ಆದರೆ ಕನ್ನಡದಲ್ಲಿ ಅದು ಕೆಲವೊಮ್ಮೆ ಒತ್ತಕ್ಷರಗಳನ್ನೇ ಬೇರೆ ಸಾಲು ಎಂದು ತಿಳಿದು ಕೆಳಗೆ ತಳ್ಳಿಬಿಡುತ್ತದೆ.

ಇಂಥದ್ದನ್ನೇ ಓದುವವರಿಗೆ 10.3 ಇಂಚಿನ ಪರದೆ ಸರಿ. ಅದು ಹೆಚ್ಚುಕಡಿಮೆ 15.7 ಸೆಂ.ಮೀ. ಅಗಲ, 21 ಸೆಂ.ಮೀ. ಎತ್ತರ, ಅಂದರೆ ಡೆಮಿ ಪುಟ ಇದ್ದ ಹಾಗೇ ಕೂರುತ್ತದೆ. ಬೆಲೆ ಜಾಸ್ತಿ, ಮಲಗಿಕೊಂಡು ಓದಲು ಭಾರ.

ಪಿಡಿಎಫ್ ಅನ್ನು ಇಪಬ್ ಮಾಡಿದರೆ ಅಕ್ಷರವೆಲ್ಲ ಕಲಸುಮೇಲೋಗರ ಆಗುತ್ತದೆ.

ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳ ಪ್ರಭಾವ. ನಮ್ಮ ಡಿಟಿಪಿಯವರಲ್ಲಿ ಬಹಳ ಮಂದಿ ಪೇಜ್‌ಮೇಕರಿನಲ್ಲಿ ಈ ಫಾಂಟ್ ಹಾಕಿ ಪುಟ ಕಟ್ಟಿದ್ದಾರೆ. ಅಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ. ಫಾಂಟ್ ಕಳಚಿದ ಕೂಡಲೇ ವೇಷ ಕಳಚಿ ಬೀಳುತ್ತದೆ. ಇಂಥ ಪಿಡಿಎಫ್‌ನಲ್ಲಿ ‘ಮನೆ’ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ಹುಡುಕಿ ನೋಡುವುದೇ ಗುರುತು ಹಿಡಿಯುವ ಸುಲಭ ದಾರಿ.

ಪಠ್ಯವನ್ನು ನಕಲಿಸಿಕೊಂಡು ಆಸ್ಕಿಯಿಂದ (ಈ ಹಳೆಯ ಫಾಂಟುಗಳ ಸಂಕೇತದಿಂದ) ಯೂನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ, ಬಂದದ್ದನ್ನು ಕ್ಯಾಲಿಬರ್ ತಂತ್ರಾಂಶದಲ್ಲಿ ಇಪಬ್ ಮಾಡಿ. ಅರ್ಕಾವತ್ತು ಮತ್ತು ದೀರ್ಘಗಳಲ್ಲಿ ತಪ್ಪು ಉಳಿಯುತ್ತದೆ, ಒಮ್ಮೆ ಕಣ್ಣಾಡಿಸಲೇಬೇಕು. ಪೂರ್ತಿ ಸ್ಕ್ಯಾನ್ ಆದರೆ ಟೆಸೆರಾಕ್ಟ್ ಥರದ ಅಕ್ಷರ ಗುರುತಿಸುವ ತಂತ್ರಾಂಶ ಬೇಕು. ಅದು ಹಳೆಯ ಮೊಳೆ ಅಚ್ಚಿನಲ್ಲಿ ಪ-ವ-ಷ, ದ-ಧ, ಬ-ಭಗಳನ್ನು ಅದಲುಬದಲು ಮಾಡುತ್ತದೆ. 200 ಪುಟದ ಪುಸ್ತಕ ತಿದ್ದುವ ಹೊತ್ತಿಗೆ ಒಂದು ಮಳೆಗಾಲ ಕಳೆದೀತು.

ಮಳೆಗಾಲದಲ್ಲಿ ಪುಸ್ತಕಕ್ಕೆ ಬೂಷ್ಟು ಹಿಡಿಯದ ಹಾಗೆ ಹೇಗೆ ಇಡುವುದು?

ಗಾಳಿಯ ತೇವಾಂಶ ಶೇಕಡಾ 65-70 ದಾಟಿ ಹಲವು ದಿನ ನಿಂತರೆ ಬೂಷ್ಟು ಶುರು. ಆರಿದ್ರಾದಿಂದ ಮಘೆಯವರೆಗೆ ನಮ್ಮಲ್ಲಿ ಅದು 90ರ ಆಸುಪಾಸಿನಲ್ಲೇ ಇರುತ್ತದೆ. ಆಗುಂಬೆ, ಹುಲಿಕಲ್ ಕಡೆಯವರಿಗೆ ಹೇಳುವುದೇ ಬೇಡ. ಕೆಲಸ ಮಾಡಬೇಕಾದದ್ದು ಮೇ ತಿಂಗಳಲ್ಲಿ, ಜುಲೈಯಲ್ಲಲ್ಲ.

ಜನ ಮಾಡುವ ಮುಖ್ಯ ತಪ್ಪು, ಥಂಡಿ ಹಿಡಿದ ಪುಸ್ತಕಗಳನ್ನು ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ಎರಡು ಪೊಟ್ಟಣ ಸಿಲಿಕಾ ಜೆಲ್ ಹಾಕಿ ಮುಚ್ಚುವುದು. ಕಾಗದ ಸ್ಪಂಜಿನಂಥದ್ದು. ಬೇಸಿಗೆಗೆ ಹೋಲಿಸಿದರೆ ಜಡಿಮಳೆಯಲ್ಲಿ 10 ಕೆ.ಜಿ. ಪುಸ್ತಕ ಸುಮಾರು ಅರ್ಧ ಲೀಟರ್ ನೀರು ಹೆಚ್ಚಿಗೆ ಕುಡಿದಿರುತ್ತದೆ. ಸಿಲಿಕಾ ಜೆಲ್ ಹೀರುವುದು ತನ್ನ ತೂಕದ ಕಾಲು ಭಾಗದಷ್ಟು. ಆ ಅರ್ಧ ಲೀಟರಿಗೆ 2 ಕೆ.ಜಿ. ಜೆಲ್ ಬೇಕು, ಪೊಟ್ಟಣ ಯಾವ ಮೂಲೆಗೆ? ಒಳಗಿನ ನೀರು ಒಳಗೇ ಉಳಿದು ಬೂಷ್ಟಿಗೆ ನಾವೇ ಮನೆ ಕಟ್ಟಿಕೊಟ್ಟಂತಾಗುತ್ತದೆ. ಜೆಲ್ ಇರುವುದು ಒಣ ಪುಸ್ತಕವನ್ನು ಒಣದಾಗಿಯೇ ಇಡಲು.

ಹಾಗಾಗಿ ಏಪ್ರಿಲ್-ಮೇ ಬಿಸಿಲಿನ ದಿನಗಳಲ್ಲಿ ಪುಸ್ತಕಗಳನ್ನು ಹೊರತೆಗೆದು, ನೆರಳಿನಲ್ಲಿ ಗಾಳಿ ಆಡುವಲ್ಲಿ ಎರಡು ಮೂರು ದಿನ ನಿಲ್ಲಿಸಿ, ಪುಟ ತುಸು ಬಿಚ್ಚಿಕೊಂಡಿರಲಿ. ನೇರ ಬಿಸಿಲಿಗೆ ಹಾಕಿದರೆ ಕಾಗದ ಹಳದಿಯಾಗುತ್ತದೆ, ಬೆನ್ನಿನ ಅಂಟು ಬಿರಿಯುತ್ತದೆ. ಒಣಗಿದ ಮೇಲೆ ರಬ್ಬರ್ ಅಂಚಿರುವ ಡಬ್ಬಿಗೆ ತುಂಬಿ, 10 ಕೆ.ಜಿ. ಪುಸ್ತಕಕ್ಕೆ ಕಾಲು ಕೆ.ಜಿ. ಜೆಲ್ ಬಟ್ಟೆ ಚೀಲದಲ್ಲಿ ಕಟ್ಟಿ ಇಡಿ. ಕಿತ್ತಳೆ ಬಣ್ಣದ ಜೆಲ್ ಹಸಿರಾದರೆ ತುಂಬಿತು ಎಂದರ್ಥ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಣ್ಣ ಮರಳುವವರೆಗೆ ಕಾಯಿಸಿದರೆ ಮತ್ತೆ ಬಳಸಬಹುದು. ಅಡುಗೆಯ ಬಾಣಲೆ ಬೇಡ.

ಆಗಾಗ ತೆಗೆದು ಓದುವ ಪುಸ್ತಕಗಳಿಗೆ ಡಬ್ಬಿ ಆಗುವುದಿಲ್ಲ. ಬೀರುವಿನ ಒಳಗೆ ತಳದಲ್ಲಿ 15 ವ್ಯಾಟಿನ ಹಳೆಯ ಮಾದರಿಯ, ಬಿಸಿಯಾಗುವ ಬಲ್ಬ್ ಉರಿಸುವ ಪದ್ಧತಿ ಚೆನ್ನಾಗಿ ಕೆಲಸ ಮಾಡುತ್ತದೆ. 25 ಡಿಗ್ರಿ, ಶೇಕಡಾ 90 ತೇವಾಂಶದ ಗಾಳಿಯನ್ನು 30 ಡಿಗ್ರಿಗೆ ಏರಿಸಿದರೆ ತೇವಾಂಶ 67ರ ಹತ್ತಿರಕ್ಕೆ ಇಳಿಯುತ್ತದೆ. ಅಷ್ಟು ಸಾಕು. ಎಲ್‌ಇಡಿ ಹಾಕಿದರೆ ಪ್ರಯೋಜನವಿಲ್ಲ, ಅದು ಬಿಸಿಯಾಗುವುದಿಲ್ಲ. ಬಲ್ಬಿಗೆ ತಂತಿ ಜಾಲರಿ ಇರಲಿ, ಸುತ್ತ ಒಂದು ಗೇಣಿನೊಳಗೆ ಕಾಗದ ಬೇಡ.

ಬೀರು ಎಲ್ಲಿಡುತ್ತೀರಿ ಎನ್ನುವುದೂ ಮುಖ್ಯ. ಮುಂಗಾರಿನ ಎರಚಲು ಬಡಿಯುವ ಪಡುವಣ, ತೆಂಕಣ ಗೋಡೆಗೆ ತಾಗಿಸಬೇಡಿ. ಯಾವ ಗೋಡೆಯಾದರೂ ನಾಲ್ಕು ಬೆರಳು ಅಂತರ ಇರಲಿ. ಅಡುಗೆಮನೆ ಒಲೆಯ ಮೇಲಿನ ಅಟ್ಟ ಬೆಚ್ಚಗೇನೋ ಇರುತ್ತದೆ, ಆದರೆ ಹೊಗೆಯ ಜಿಡ್ಡು ಕಾಗದವನ್ನು ಕಂದು ಮಾಡುತ್ತದೆ.

ಈಗಾಗಲೇ ಬೂಷ್ಟು ಬಂದಿದೆ. ಒರೆಸಲೇ?

ಒದ್ದೆ ಬಟ್ಟೆಯಲ್ಲಿ ಖಂಡಿತ ಬೇಡ, ಬೂಷ್ಟು ಕಾಗದದ ಒಳಕ್ಕೆ ಇಳಿಯುತ್ತದೆ. ಮೊದಲು ಆ ಪುಸ್ತಕವನ್ನು ಉಳಿದವುಗಳಿಂದ ಬೇರೆ ಮಾಡಿ, ಒಣಗಲು ಬಿಡಿ. ಹಸಿರು-ಬಿಳಿ ಪುಡಿಯಾದ ಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಅಂಗಳದಲ್ಲಿ ಗಾಳಿಗೆ ಬೆನ್ನು ಹಾಕಿ, ಮೆತ್ತನೆಯ ಪೇಂಟ್ ಬ್ರಷ್‌ನಿಂದ ಬೆನ್ನಿನಿಂದ ಅಂಚಿನ ಕಡೆಗೆ ಗುಡಿಸಿ. ಕಲೆ ಉಳಿಯುತ್ತದೆ, ಅದರ ಹಿಂದೆ ಬೀಳಬೇಡಿ.

ಹಂಚು ಸೋರಿ ಪುಸ್ತಕ ಪೂರ್ತಿ ನೆನೆದಿದ್ದರೆ ಕೈಯಲ್ಲಿ ಸುಮಾರು 48 ಗಂಟೆ ಇದೆ ಎಂದುಕೊಳ್ಳಿ. ಹದಿನೈದಿಪ್ಪತ್ತು ಪುಟಕ್ಕೊಂದು ಬಿಳಿ ಟಿಶ್ಯೂ ಕಾಗದ ಇಟ್ಟು, ಫ್ಯಾನ್ ಕೆಳಗೆ ನಿಲ್ಲಿಸಿ, ಎರಡು ಮೂರು ಗಂಟೆಗೊಮ್ಮೆ ಕಾಗದ ಬದಲಿಸಿ. ಹಳೆಯ ದಿನಪತ್ರಿಕೆ ಇಟ್ಟರೆ ಶಾಯಿ ಅಂಟೀತು. ನೆನೆದವು ಬಹಳ ಇದ್ದರೆ ಒಂದೊಂದನ್ನೇ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರಿಗೆ ಹಾಕಿ ಹೊತ್ತು ಗಿಟ್ಟಿಸಿಕೊಳ್ಳಿ. ನುಣುಪು ಆರ್ಟ್ ಪೇಪರಿನ ಪುಸ್ತಕ ಒಣಗುತ್ತ ಹಲಗೆಯಂತೆ ಅಂಟಿಕೊಳ್ಳುತ್ತದೆ, ಅದಕ್ಕೇ ಮೊದಲ ಸರದಿ ಕೊಡಿ.

ನುಸಿಗುಳಿಗೆ, ಬೇವಿನ ಎಲೆ, ಲಕ್ಕಿ ಸೊಪ್ಪು ಕೆಲಸ ಮಾಡುತ್ತವೆಯೇ?

ನುಸಿಗುಳಿಗೆ ಹುಳಕ್ಕೆ, ಬೂಷ್ಟಿಗಲ್ಲ. ಸೊಪ್ಪುಗಳು ಹುಳವನ್ನು ಸ್ವಲ್ಪ ದೂರ ಇಡಬಹುದು, ಒಣಗಿಸಿಯೇ ಇಡಬೇಕು. ಹಸಿ ಎಲೆ ತಾನೇ ಥಂಡಿ ತರುತ್ತದೆ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿರುವಂಥ ತಾಳೆಗರಿಗಳಿಗೆ ನಿಂಬೆಹುಲ್ಲಿನ ಎಣ್ಣೆ ಸವರುವ ಪದ್ಧತಿ ಇದೆಯೆಂದು ಅದನ್ನು ಅಚ್ಚಿನ ಪುಸ್ತಕಕ್ಕೆ ಸವರಬೇಡಿ, ಕಾಗದ ಕೆಡುತ್ತದೆ. ಹುಳ ತೂತು ಕೊರೆಯುತ್ತಿದ್ದರೆ ಪುಸ್ತಕವನ್ನು ಗಾಳಿಯಾಡದ ಚೀಲದಲ್ಲಿ ಹಾಕಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಟ್ಟು, ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚದೆ ಬಿಡಿ. ಕರೆಂಟ್ ಗಟ್ಟಿಯಾಗಿರುವ ಬೇಸಿಗೆಯಲ್ಲಿ ಮಾಡಿ. ಗೆದ್ದಲಿಗೆ ಇದೇನೂ ಉಪಯೋಗವಿಲ್ಲ. ಅದು ಬರುವುದು ಗೋಡೆಯಿಂದ, ನೆಲದಿಂದ. ಬೀರುವಿನ ಹಿಂದೆ ತಿಂಗಳಿಗೊಮ್ಮೆ ಟಾರ್ಚ್ ಹಾಕಿ ನೋಡುವುದೇ ಮದ್ದು.

ಇ-ರೀಡರಿಗೆ ಮಳೆಯಿಂದ ತೊಂದರೆ ಇಲ್ಲವೇ?

ಕಾಗದಕ್ಕಿಂತ ಕಡಿಮೆ. ಐಪಿಎಕ್ಸ್8 ಎಂದು ಬರೆದ ಮಾದರಿಗಳು ಸಿಹಿನೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿದರೂ ತಡೆದುಕೊಳ್ಳುತ್ತವೆ (ಕಿಂಡಲ್ ಪೇಪರ್‌ವೈಟ್‌ಗೆ ಕಂಪನಿ ಹೇಳುವುದು 2 ಮೀಟರ್ ಆಳ, 60 ನಿಮಿಷ). ಹಾಗೆ ಬರೆದಿಲ್ಲದಿದ್ದರೆ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಅದರ ಮೇಲಿಂದಲೇ ತಟ್ಟಿ ಓದಬಹುದು. ನೀರು ಬಿದ್ದರೆ ಆಫ್ ಮಾಡಿ, ಚಾರ್ಜಿಂಗ್ ತೂತು ಕೆಳಮುಖವಾಗಿ ಒಂದೆರಡು ದಿನ ನಿಲ್ಲಿಸಿ. ತೂತು ಒದ್ದೆಯಿದ್ದಾಗ ಚಾರ್ಜಿಗೆ ಹಾಕಿದರೆ ಒಳಗಿನ ತುದಿಗಳು ಕಿಲುಬು ಹಿಡಿದು ಸಾಯುತ್ತವೆ. ಅಕ್ಕಿಯಲ್ಲಿ ಹೂಳುವುದು ಬೇಡ, ಪುಡಿ ಒಳಗೆ ಹೋಗುತ್ತದೆ.

ಇ-ರೀಡರ್ ಸಾಮಾನ್ಯವಾಗಿ ಸಾಯುವುದು ಮಳೆಗಲ್ಲ, ಒತ್ತಡಕ್ಕೆ. ಪರದೆಯ ಅಡಿಯಲ್ಲಿ ತೆಳು ಗಾಜಿದೆ. ಬಸ್ಸಿನಲ್ಲಿ ಚೀಲದ ಮೇಲೆ ಯಾರೋ ಕೂತರೆ, ಟಿಫಿನ್ ಡಬ್ಬಿಯ ಮೂಲೆ ತಾಗಿದರೆ ಮೇಲ್ಮೈ ಹಾಗೇ ಇದ್ದು ಒಳಗಿನ ಗಾಜು ಸೀಳುತ್ತದೆ. ಪರದೆಯ ಅರ್ಧದಲ್ಲಿ ಗೆರೆಗಳು ನಿಂತುಬಿಡುತ್ತವೆ. ರಿಪೇರಿ ಖರ್ಚು ಹೊಸದರ ಹತ್ತಿರಕ್ಕೆ ಬರುತ್ತದೆ. ಗಟ್ಟಿ ಮುಚ್ಚಳದ ಕವರು ಕಡ್ಡಾಯ ಎಂದೇ ತಿಳಿಯಿರಿ.

ಕರೆಂಟ್ ಮೂರು ದಿನ ಹೋದರೆ?

ಓದು ನಿಲ್ಲುವುದಿಲ್ಲ. ಆದರೆ ‘6 ವಾರ ಬ್ಯಾಟರಿ’ ಎನ್ನುವ ಜಾಹೀರಾತನ್ನು ಬಿಡಿಸಿ ನೋಡಿ: ಆ ಲೆಕ್ಕ ದಿನಕ್ಕೆ ಅರ್ಧ ಗಂಟೆ ಓದಿಗೆ, ವೈಫೈ ಆಫ್ ಇಟ್ಟಾಗ. ಒಟ್ಟು 21 ಗಂಟೆ ಆಯಿತು. ಮಳೆ ಹಿಡಿದು ದಿನಕ್ಕೆ 4 ಗಂಟೆ ಓದುವವರಿಗೆ ಐದು ದಿನ. ಆಂಡ್ರಾಯ್ಡ್ ಮಾದರಿಗಳು ಇದಕ್ಕಿಂತ ಬೇಗ ಖಾಲಿಯಾಗುತ್ತವೆ. 10,000 ಎಂಎಎಚ್ ಪವರ್‌ಬ್ಯಾಂಕಿನಿಂದ 6-7 ಇಂಚಿನದನ್ನು ಮೂರು ಸಲವಾದರೂ ತುಂಬಿಸಬಹುದು. ಮುಂಗಾರಿಗೆ ಮುಂಚಿನ ಗುಡುಗು-ಸಿಡಿಲಿನ ಸಂಜೆಗಳಲ್ಲಿ ಗೋಡೆಯ ಪ್ಲಗ್ಗಿಗೆ ಹಾಕಿಡಬೇಡಿ. ಪೂರ್ತಿ ಖಾಲಿ ಮಾಡಿ ತಿಂಗಳುಗಟ್ಟಲೆ ಬೀರುವಿನಲ್ಲಿ ಮರೆತರೆ ಬ್ಯಾಟರಿ ಮೇಲೇಳುವುದಿಲ್ಲ, ಅರ್ಧ ತುಂಬಿಸಿ ಇಡಿ.

ನೆಟ್‌ವರ್ಕ್ ಬೇಕಾಗುವುದು ಪುಸ್ತಕ ಇಳಿಸಿಕೊಳ್ಳಲು ಮಾತ್ರ. ಶರಾವತಿ ಹಿನ್ನೀರಿನ ಆಚೆ ಇರುವವರು ಪೇಟೆಗೆ ಬಂದಾಗ ಇಳಿಸಿಕೊಂಡರೆ ಆಯಿತು.

ದುಡ್ಡಿನ ಲೆಕ್ಕದಲ್ಲಿ ಯಾವುದು ಲಾಭ?

ಸಾಧನದ ಬೆಲೆಯನ್ನು ಒಂದು ಪುಸ್ತಕಕ್ಕೆ ಉಳಿಯುವ ಹಣದಿಂದ ಭಾಗಿಸಿ. ಸಾಧನ 12,000 ರೂಪಾಯಿ, ಪುಸ್ತಕಕ್ಕೆ ಉಳಿತಾಯ 80 ರೂಪಾಯಿ ಎಂದಿಟ್ಟುಕೊಂಡರೆ 150 ಪುಸ್ತಕ ಓದಿದ ಮೇಲೆ ಅಸಲು. ಸಾಧನ ಐದು ವರ್ಷ ಬಾಳುವುದಾದರೆ ವರ್ಷಕ್ಕೆ 30. ಇಂಗ್ಲಿಷ್ ಓದುಗರಿಗೆ ಇದು ಕಷ್ಟವಲ್ಲ. ಕನ್ನಡದಲ್ಲಿ ಅಚ್ಚಿನ ಬೆಲೆಯೇ ಕಡಿಮೆ, ಇ-ಪುಸ್ತಕದಲ್ಲಿ ಉಳಿಯುವುದೂ ಕಡಿಮೆ. ಅಚ್ಚಿನ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಅಚ್ಚಿನಲ್ಲೂ ಬಂದಿರುವ ಇ-ಪುಸ್ತಕಕ್ಕೆ 2018ರಿಂದ ಶೇಕಡಾ 5 ಇದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಿಂದ ಪುಸ್ತಕ ತರುವವರಿಗಂತೂ ಈ ಲೆಕ್ಕವೇ ಬೇಡ.

ಕೊಂಡ ಇ-ಪುಸ್ತಕವನ್ನು ತಂಗಿಗೆ ಓದಲು ಕೊಡಬಹುದೇ?

ಸಾಧನದ ಸಮೇತ ಕೊಡಬಹುದು. ನಕಲು ಮಾಡಲಾಗದಂತೆ ಬೀಗ ಹಾಕಿದ ಇ-ಪುಸ್ತಕದಲ್ಲಿ ನೀವು ಕೊಳ್ಳುವುದು ಓದುವ ಪರವಾನಗಿ, ಪುಸ್ತಕವನ್ನಲ್ಲ. 2009ರಲ್ಲಿ ಅಮೆಜಾನ್ ತಾನು ಮಾರಿದ ಕೆಲವು ಪುಸ್ತಕಗಳನ್ನು ಓದುಗರ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿ ಹಣ ಮರಳಿಸಿತ್ತು. 2025ರ ಫೆಬ್ರುವರಿಯಲ್ಲಿ ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಸೌಲಭ್ಯವನ್ನೂ ತೆಗೆದುಹಾಕಿತು. ಎರವಲು ಹೋದ ಅಚ್ಚಿನ ಪುಸ್ತಕ ಮರಳಿ ಬರುತ್ತದೆಯೇ ಎನ್ನುವುದು ಬೇರೆಯೇ ಪ್ರಶ್ನೆ.

ಅಪ್ಪನಿಗೆ ಎಪ್ಪತ್ತು ದಾಟಿದೆ, ಸಣ್ಣ ಅಕ್ಷರ ಕಾಣುವುದಿಲ್ಲ. ಅವರಿಗೆ ಒಗ್ಗುತ್ತದೆಯೇ?

ಹೆಚ್ಚು ಲಾಭವಾಗುವುದು ಇಂಥವರಿಗೇ. ಅಕ್ಷರ ಹಿಗ್ಗುತ್ತದೆ, ಕೈಗೆ ಭಾರವಿಲ್ಲ. 600 ಪುಟದ ಡೆಮಿ ಕಾದಂಬರಿ 70 ಜಿಎಸ್‌ಎಂ ಕಾಗದದಲ್ಲಿ ಮುಕ್ಕಾಲು ಕೆ.ಜಿ. ಹತ್ತಿರ ತೂಗುತ್ತದೆ, 6 ಇಂಚಿನ ಇ-ರೀಡರ್ 160 ಗ್ರಾಂ ಆಸುಪಾಸು. ಆದರೆ ಅಕ್ಷರ ಹಿಗ್ಗುವುದು ಇಪಬ್‌ನಲ್ಲಿ, ಸ್ಕ್ಯಾನ್‌ನಲ್ಲಲ್ಲ. ಪುಟ ತಿರುವಲು ಗುಂಡಿ ಇರುವ ಮಾದರಿ ನೋಡಿ. ತೋಟದ ಕೆಲಸ ಮಾಡಿ ಒರಟಾದ, ಒಣಗಿದ ಬೆರಳ ತಟ್ಟನ್ನು ಪರದೆ ಕೆಲವೊಮ್ಮೆ ಗುರುತಿಸುವುದಿಲ್ಲ. ಕೊಡುವ ಮೊದಲು ಅಕ್ಷರ, ಅಂತರ ಎಲ್ಲ ಹೊಂದಿಸಿ, ಹತ್ತು ಪುಸ್ತಕ ತುಂಬಿ, ವೈಫೈ ಆಫ್ ಮಾಡಿ ಕೊಡಿ.

ಪರೀಕ್ಷೆಗೆ ಓದುವ ಮಕ್ಕಳಿಗೆ?

ಪಠ್ಯಪುಸ್ತಕ ಅಚ್ಚಿನಲ್ಲೇ ಇರಲಿ. 2018ರಲ್ಲಿ ಪ್ರಕಟವಾದ, 54 ಅಧ್ಯಯನಗಳನ್ನು ಒಟ್ಟಿಗೆ ತೂಗಿದ ವಿಶ್ಲೇಷಣೆಯಲ್ಲಿ ಮಾಹಿತಿ ತುಂಬಿದ ಬರಹ ಕಾಗದದಲ್ಲಿ ಹೆಚ್ಚು ಅರ್ಥವಾಗಿತ್ತು, ಸಮಯದ ಒತ್ತಡ ಇದ್ದಾಗ ವ್ಯತ್ಯಾಸ ಇನ್ನೂ ಹೆಚ್ಚು. ಕಥೆ ಓದುವಾಗ ಅಂಥ ವ್ಯತ್ಯಾಸ ಕಾಣಲಿಲ್ಲ. ನಕ್ಷೆ, ಕೋಷ್ಟಕ, ಹಿಂದಿನ ಪುಟಕ್ಕೆ ಬೆರಳಿಟ್ಟು ತಿರುಗಿ ನೋಡುವುದು ಇವೆಲ್ಲ ಇ-ರೀಡರಿನಲ್ಲಿ ತ್ರಾಸು.

ಕಾವ್ಯ ಓದಬಹುದೇ?

ಭಾಮಿನಿ ಷಟ್ಪದಿಯಲ್ಲಿ ಮೂರನೆಯ ಮತ್ತು ಆರನೆಯ ಸಾಲು ಉಳಿದವಕ್ಕಿಂತ ಉದ್ದ: 14 ಮಾತ್ರೆಯ ಸಾಲುಗಳ ನಡುವೆ 23 ಮಾತ್ರೆ. ಅಕ್ಷರ ಹಿಗ್ಗಿಸಿದರೆ ಆ ಸಾಲು ಮುರಿದು ಆರು ಸಾಲಿನ ಪದ್ಯ ಎಂಟಾಗುತ್ತದೆ, ಎಲ್ಲಿ ನಿಲ್ಲಬೇಕೆಂದು ಕಣ್ಣಿಗೆ ತಿಳಿಯುವುದಿಲ್ಲ. ಸಾಧನವನ್ನು ಅಡ್ಡ ಹಿಡಿದರೆ ಸರಿಹೋಗುತ್ತದೆ. ಆದರೂ ಪಕ್ಕದಲ್ಲೇ ಟೀಕೆ ಇರುವ ಆವೃತ್ತಿಯಾದರೆ ಅಚ್ಚೇ ಮೇಲು. ಕಾವ್ಯವನ್ನು ರಾಗವಾಗಿ ಓದುವ ಹೊಸಹಳ್ಳಿಯ ಗಮಕಿಗಳ ಮುಂದೆ ಕೂತು ಪುಸ್ತಕ ಹಿಡಿದು ಕೇಳುವವರು ಅಡ್ಡ ಹಿಡಿದ ಇ-ರೀಡರ್ ತಟ್ಟುತ್ತ ಕೂರುವುದನ್ನು ಊಹಿಸಿಕೊಳ್ಳುವುದೂ ಕಷ್ಟ.

ವಾಟ್ಸಾಪ್‌ನಲ್ಲಿ ಬರುವ ಕಾದಂಬರಿಗಳ ಪಿಡಿಎಫ್ ಹಾಕಿಕೊಳ್ಳಬಹುದೇ?

ಹಕ್ಕು ಇರುವ ಪುಸ್ತಕವಾದರೆ ಅದು ಕಳ್ಳಮಾಲು. ಸಾವಿರ ಪ್ರತಿ ಅಚ್ಚು ಹಾಕಿ ಮಾರಿ ಮುಗಿಸಲು ಹೆಣಗುವ ಪ್ರಕಾಶಕರಿಗೆ ನೂರು ಪ್ರತಿಯ ನಷ್ಟವೂ ದೊಡ್ಡದು.

ಬಳಸಿದ ಇ-ರೀಡರ್ ಕೊಳ್ಳುವಾಗ ಏನು ನೋಡಬೇಕು?

ಹಿಂದಿನವರ ಖಾತೆ ತೆಗೆದಿದ್ದಾರೆಯೇ, ಅವರ ಎದುರಲ್ಲೇ ಖಚಿತಪಡಿಸಿಕೊಳ್ಳಿ. ಪೂರ್ತಿ ಬಿಳಿ ಪುಟ ತೆರೆದು ಬೆಳಕನ್ನು ಮೇಲಕ್ಕೇರಿಸಿ, ಕಪ್ಪು ಚುಕ್ಕೆ, ಗೆರೆ, ಮೂಲೆಯಲ್ಲಿ ನೆರಳು ಇವೆಯೇ ನೋಡಿ. ಹತ್ತು ಪುಟ ಬೇಗ ಬೇಗ ತಿರುವಿ. ಹಿಂದಿನ ಪುಟದ ತೆಳು ಛಾಯೆ ಉಳಿದರೆ ಗಾಬರಿ ಬೇಡ, ‘ಪ್ರತಿ ಪುಟಕ್ಕೂ ರಿಫ್ರೆಶ್’ ಆಯ್ಕೆ ಹಾಕಿದರೆ ಹೋಗುತ್ತದೆ. ಚಾರ್ಜಿಂಗ್ ತೂತಿನೊಳಗೆ ಟಾರ್ಚ್ ಬಿಟ್ಟು ಹಸಿರು ಕಿಲುಬು ಇದೆಯೇ ನೋಡಿ, ನಮ್ಮ ಕಡೆ ಬಳಸಿದ್ದಾದರೆ ಇದು ಮುಖ್ಯ. ಬ್ಯಾಟರಿ ಶೇಕಡಾ ಎಷ್ಟಿದೆ ಎಂದು ಬರೆದುಕೊಂಡು ಬೆಳಕು ಹಾಕಿ ಒಂದು ಗಂಟೆ ಓದಿ: 10ಕ್ಕಿಂತ ಹೆಚ್ಚು ಅಂಕ ಇಳಿದರೆ ಬೆಲೆ ಚೌಕಾಸಿ ಮಾಡಿ ಅಥವಾ ಬಿಡಿ. ಕೊನೆಗೆ ಮೇಲೆ ಹೇಳಿದ ‘ರಾಷ್ಟ್ರ, ಅರ್ಘ್ಯ, ಹೋಗೋಣ’ ಕಡತವನ್ನು ಹಾಕಿ ತೆರೆಯಿರಿ, ದುಡ್ಡು ಕೊಡುವುದು ಆಮೇಲೆ.